ಹದಿನೇಲು ಅಂದವಳು

ನಗೋದು ಮುಗೀತಾ? ಮುಗಿದಿದ್ರೆ ಹೇಳ್ತೀನಿ. ಹೋದ ಸಲ ವಾಯ್ಸ್ ಕಳಿಸಿದ್ದಕ್ಕೆ 'ದೇವರಾಜಜ್ಜಂಗೆ ಮರೆವು ಶುರುವಾಗಿದೆ' ಅಂತ ಗ್ರೂಪಲ್ಲಿ ಬರೆದ್ರಲ್ಲ, ನಿನ್ನೆ ಮಧ್ಯಾಹ್ನ ಎಂತ ಉಂಡ್ರಿ ಅಂತ ಕೇಳಿದ್ರೆ ಫೋನಲ್ಲಿ ಫೋಟೋ ಹುಡುಕೋ ಜನ ನೀವು, ನನ್ನ ನೆನಪಿನ ಬಗ್ಗೆ ಮಾತಾಡ್ತೀರಾ? ತೊಂಬತ್ತೊಂದರಲ್ಲಿ 'ಕುಡಿದಿದ್ದ' ಅಂದ್ರು, ಈಗ ನೀವು 'ಮರೆತಿದ್ದಾನೆ' ಅಂತೀರಿ. ಮಳೆ ಹಿಡ್ಕೊಂಡಿದೆ, ಕರೆಂಟಿಲ್ಲ, ನಿಮಗೂ ಬೇರೆ ಕೆಲಸ ಇಲ್ಲ... ಎಲ್ಲರೂ ಒಂದು ಕಡೆ ಕೂತು ಕೇಳಿ.

ಕೊಟ್ಟಿಗೆಹಾರದಿಂದ ಒಳಗೆ, ಹಳ್ಳದ ಪಕ್ಕ, ಚರ್ಚಿನವರದ್ದೊಂದು ಹಂಚಿನ ಕಟ್ಟಡ ಇತ್ತು. ಮೇ ತಿಂಗಳು ಬಂತಂದ್ರೆ ಹೆಣ್ಮಕ್ಕಳ ಕ್ಯಾಂಪ್. ಮೂವತ್ತು ಹುಡುಗಿಯರು, ಹಾಡು, ಪ್ರಾರ್ಥನೆ, ಗಂಜಿ. ಗೇಟ್ ಕಾವಲಿಗೆ ನಾನು. ನಡೆಸ್ತಿದ್ದವರು ಮರಿಯಮ್ಮ ಟೀಚರ್, ಕೈಯಲ್ಲಿ ಯಾವಾಗ್ಲೂ ಒಂದು ಹಾಜರಿ ಪುಸ್ತಕ. ಸಂಜೆ ನಾಲ್ಕಕ್ಕೆ, ಟೀಗೆ ಮುಂಚೆ, ಹುಡುಗಿಯರು ಸಾಲಾಗಿ ನಿಂತು ತಂತಮ್ಮ ನಂಬರ್ ಕೂಗಬೇಕು. ಮೂವತ್ತು ಅಂತ ಕೇಳಿಸಿದ್ರೆ ಟಿಕ್. ತಲೆ ಎತ್ತಿ ಮುಖ ನೋಡೋ ಅಭ್ಯಾಸ ಆಯಮ್ಮನಿಗೆ ಇರಲೇ ಇಲ್ಲ.

ತೊಂಬತ್ತೊಂದರಲ್ಲಿ ಹದಿನಾರನೇ ನಂಬರು ಎಸ್ತೇರಿ, ಹತ್ತು ವರ್ಷದ ಕೂಸು. ಹದಿನೇಳು ಅವಳ ಗೆಳತಿ ಸಿಸಿಲಿ. ಎಸ್ತೇರಿಗೆ 'ಳ' ಬರ್ತಿರಲಿಲ್ಲ. ಮಳೆಗೆ ಮಲೆ ಅನ್ನೋಳು, ಹಳ್ಳಕ್ಕೆ ಹಲ್ಲ ಅನ್ನೋಳು. ಒಂದಿನ ಸಿಸಿಲಿ 'ಹಳ್ಳದಲ್ಲಿ ಏಡಿ ನೋಡ್ಕೊಂಡು ಬರ್ತೀನಿ, ನನ್ನ ನಂಬರೂ ನೀನೇ ಕೂಗಿಬಿಡೇ' ಅಂತ ಹಿಂದಿನ ಬೇಲಿ ನುಗ್ಗಿ ಹೋದ್ಲು. ಎಣಿಕೆ ಶುರುವಾಯ್ತು. ಎಸ್ತೇರಿ 'ಹದಿನಾರು' ಅಂದ್ಲು, ಉಸಿರು ತಗೊಂಡು 'ಹದಿನೇಲು' ಅಂದ್ಲು. ಸಾಲಿಗೆ ಸಾಲೇ ಕಿಸಕ್ಕಂತ ನಕ್ಕಿತು. ಕಿವುಡನಿಗೂ ಗೊತ್ತಾಗ್ತಿತ್ತು ಮಾರಾಯ್ರಾ! ಟೀಚರ್ ಮಾಡಿದ್ದೆಂತ? 'ಹಲ್ಲು ಕಿಸೀಬೇಡಿ' ಅಂತ ಗದರಿ ಟಿಕ್ ಹಾಕಿದ್ರು.

ಊಟದ ಹೊತ್ತಿಗೆ ಒಂದು ತಟ್ಟೆ ಉಳೀತು. ಆಗ ಹುಡುಕಿದ್ರು. ಹಳ್ಳದ ಗುಂಡಿಯಲ್ಲಿ ಸಿಕ್ಕಿದ್ಲು ಸಿಸಿಲಿ... ನಾಲ್ಕಕ್ಕೇ ಹುಡುಕಿದ್ರೆ? ಹೇಳಿ, ನಾಲ್ಕಕ್ಕೇ ಹುಡುಕಿದ್ರೆ?

ಚರ್ಚಿನ ಕಮಿಟಿಯವರು ಬಂದ್ರು, ಬಿಸ್ಕತ್ ತಿಂದ್ರು, ಪುಸ್ತಕ ನೋಡಿದ್ರು. ಎಣಿಕೆ ಸರಿ ಇದೆ, ಅಂದ್ರೆ ಹುಡುಗಿ ಎಣಿಕೆ ಆದ್ಮೇಲೆ ಹೋಗಿದ್ದಾಳೆ, ಅಂದ್ರೆ ಗೇಟಲ್ಲಿದ್ದವನು ಕುಡಿದು ಬಿದ್ದಿದ್ದ. ಮಕ್ಕಳನ್ನ ಒಬ್ಬರಾದ್ರೂ ಕೇಳಿದ್ರಾ? ಇಲ್ಲ. ನನ್ನ ಕೆಲಸ ಹೋಯ್ತು. ಎಸ್ತೇರಿ ಹೆದರಿ ಬಾಯಿ ಬಿಡಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಆ ಬಿಸ್ಕತ್ ತಿಂದವರ ಮೇಲೆ ಇದೆ.

ಎರಡು ಸಾವಿರದ ಮೂರು. ಎಸ್ತೇರಿ ಈಗ ಕನ್ನಡ ಟೀಚರ್, ಅವಳ 'ಳ' ಅಂದ್ರೆ ಗಂಟೆ ಬಾರಿಸಿದ ಹಾಗೆ. ಅದೇ ಕ್ಯಾಂಪಿಗೆ ಲೀಡರ್ ಆಗಿ ಬಾ ಅಂತ ಕರೆದ್ರು. ಯಾಕೆ ಹೋದ್ಲು? ಆ ಸಾಲಿನ ಮುಂದೆ ತಾನೇ ನಿಲ್ಲಬೇಕು, ಒಂದೊಂದು ಮುಖ ನೋಡಬೇಕು, ಇನ್ನೊಂದು ಮಗು ಹಳ್ಳಕ್ಕೆ ಹೋಗಬಾರದು ಅಂತ ಹೋದ್ಲು. ಹೋಗಿ ನೋಡಿದ್ರೆ ಅದೇ ಮರಿಯಮ್ಮ, ಅದೇ ಥರದ ಪುಸ್ತಕ.

'ನಾನು ಮುಖ ನೋಡಿ ಎಣಿಸ್ತೀನಿ ಟೀಚರ್' ಅಂದ್ಲಂತೆ.

'ನಿನ್ನೆ ಬಂದವಳು ನನಗೆ ಎಣಿಸೋಕೆ ಕಲಿಸ್ತೀಯಾ? ಹೋಗಿ ಟೀ ಸೋಸು' ಅಂದ್ರಂತೆ.

ಎರಡು ದಿನ ಅಡುಗೆಮನೆ ಕಿಟಕಿಯಿಂದಲೇ ಕದ್ದು ಮುಖ ಎಣಿಸಿದ್ಲು. ಮೂರನೇ ದಿನ ನಾಲ್ಕು ಗಂಟೆಗೆ ಘಾಟಿ ಕಡೆಯಿಂದ ಮಂಜು ನುಗ್ಗಿ ಅಂಗಳ ತುಂಬಿತು. ಕಿಟಕಿಯಾಚೆ ಬರೀ ಬೆಳ್ಳಗೆ. ಹದಿನಾಲ್ಕು... ಹದಿನೈದು... ಹದಿನಾರು...

'ಹದಿನೇಲು.'

ಸೋಸೋ ಬಟ್ಟೆ ಕೈಯಿಂದ ಬಿತ್ತು. ಅದು ಸಿಸಿಲಿ ಧ್ವನಿ ಅಲ್ಲ ಮಾರಾಯ್ರಾ, ಸಿಸಿಲಿಗೆ 'ಳ' ಚೆನ್ನಾಗೇ ಬರ್ತಿತ್ತು. ಅದು ಎಸ್ತೇರಿದೇ ಧ್ವನಿ... ಹತ್ತು ವರ್ಷದ ಎಸ್ತೇರಿದು.

ಹೊರಗೆ ಓಡಿ ಸಾಲಿನ ಹತ್ರ ಬಗ್ಗಿ ಕಾಲು ಎಣಿಸಿದ್ಲು. ಹದಿನಾರು ಜೊತೆ ಕಾಲು, ಆಮೇಲೆ ಒಂದಾಳಿನ ಜಾಗ ಖಾಲಿ. ಅದು ಶೆರ್ಲಿ ಅಂತ ಸಣ್ಣ ಹುಡುಗಿಯ ಜಾಗ.

'ಮೂವತ್ತು, ಸರಿ ಇದೆ' ಅಂತ ಟೀಚರ್ ಟಿಕ್ ಹಾಕಿದ್ರು.

'ಸರಿ ಇಲ್ಲ ಟೀಚರ್. ಶೆರ್ಲಿ ಇಲ್ಲ.'

'ಈಗ ಕೂಗಿದ್ಲಲ್ಲೇ! ನನಗೇನು ಕಿವಿ ಇಲ್ವಾ?'

'ಕೂಗಿದ್ದು ನಾನು. ಅವತ್ತು ಸಿಸಿಲಿದೂ ನಾನೇ ಕೂಗಿದ್ದು.'

ಮರಿಯಮ್ಮ ಪುಸ್ತಕ ಎದೆಗೆ ಅವಚಿಕೊಂಡ್ರಂತೆ. ನೋಡಿ, ಮಗು ಕಾಣೆ, ಆಯಮ್ಮ ಅಪ್ಪಿಕೊಂಡಿದ್ದು ಪುಸ್ತಕವನ್ನ!

ಎಸ್ತೇರಿ ಹಳ್ಳಕ್ಕೆ ಓಡಿದ್ಲು. ಅದೇ ಗುಂಡಿ. ಕುತ್ತಿಗೆವರೆಗೆ ನೀರಲ್ಲಿ, ಒಂದು ಬೇರು ಹಿಡ್ಕೊಂಡು ಶೆರ್ಲಿ ನೇತಾಡ್ತಿದ್ಲು. ಎಳೆದು ದಡಕ್ಕೆ ಹಾಕಿ, ಯಾಕೆ ಕಿರುಚಲಿಲ್ಲ ಅಂತ ಕೇಳಿದ್ರೆ ಆ ಹುಡುಗಿ ಹೇಳಿದ್ದೆಂತ ಗೊತ್ತಾ? 'ನೀರೊಳಗೆ ಒಬ್ಬಳು ಇದ್ಲು ಅಕ್ಕ. ಕಿರುಚಬೇಡ, ಎಸ್ತೇರಿ ನಿನ್ನ ನಂಬರ್ ಕೂಗ್ತಾಳೆ, ಯಾರೂ ಹುಡುಕಲ್ಲ, ಇಲ್ಲೇ ಇರು ಅಂದ್ಲು.'

ಅವತ್ತು ಒದ್ದೆ ಬಟ್ಟೆಯಲ್ಲೇ ಎಸ್ತೇರಿ ನನ್ನ ಮನೆ ಬಾಗಿಲಿಗೆ ಬಂದು, ಎರಡೂ ಸಲ ನಡೆದಿದ್ದೆಲ್ಲ ಹೇಳಿ, 'ದೇವರಾಜಣ್ಣ, ನೀವು ಕುಡಿದಿರಲಿಲ್ಲ' ಅಂದ್ಲು. ಹನ್ನೆರಡು ವರ್ಷದಲ್ಲಿ ಆ ಮಾತು ಹೇಳಿದ್ದು ಅವಳೊಬ್ಬಳೇ. ಕಮಿಟಿಗೂ ಹೋಗಿ ಹೇಳಿದ್ಲು. ಅವರು ಪುಸ್ತಕ ತಿದ್ದಿದ್ರಾ? ಎಲ್ಲಿ ತಿದ್ತಾರೆ! ಎರಡೂ ದಿನದ ಪುಟದಲ್ಲಿ 'ಮೂವತ್ತು, ಎಲ್ಲರೂ ಹಾಜರ್' ಅಂತಲೇ ಇದೆ.

ಈಗ ಕ್ಯಾಂಪಿಲ್ಲ, ಆ ಕಟ್ಟಡ ಹೋಮ್‌ಸ್ಟೇ ಆಗಿದೆ. ಶಾಲೆ ಮಕ್ಕಳನ್ನ ಬಸ್ಸಲ್ಲಿ ತಂದು ಹಳ್ಳಕ್ಕೆ ಬಿಡ್ತಾರೆ, ಹೊರಡೋವಾಗ ನಂಬರ್ ಕೂಗಿಸ್ತಾರೆ, ಎಣಿಕೆ ಸರಿ ಬಂತು ಅಂತ ಬೀಗ್ತಾರೆ. ಸರಿ ಬರದೆ ಎಂತ? ಅಲ್ಲಿ ಯಾವತ್ತೂ ಸರಿಯೇ ಬರೋದು... ಹೋದ ಭಾನುವಾರ ಬೇಲಿ ಪಕ್ಕ ಹುಲ್ಲು ಕೊಯ್ತಾ ಆ 'ಹದಿನೇಲು' ನಾನೇ ಕೇಳಿಸ್ಕೊಂಡೆ.

ನನ್ನನ್ನ ನಂಬೋದು ಬೇಡ. ಆ ಕಡೆ ಮಕ್ಕಳನ್ನ ಕಳಿಸೋ ಒಬ್ಬೊಬ್ಬರಿಗೂ ಈ ವಾಯ್ಸ್ ಕಳಿಸಿ, ಸಾಕು. ಮುಖ ನೋಡೋ ಬುದ್ಧಿ ನಿಮಗೆ ಬರಲ್ಲ, ಬಿಡಿ, ಕಿವಿಯಾದ್ರೂ ಇಟ್ಕೊಳ್ಳಿ. ಹದಿನೇಳು ಬಂದಾಗ 'ಲು' ಅಂತ ಕೇಳಿಸ್ತಾ... ಪುಸ್ತಕ ಬಿಸಾಕಿ ಹಳ್ಳಕ್ಕೆ ಓಡಿ.