ಗೀಜಗನ ಅಪ್ಪಣೆ

ಮೋಡಗಳು ಮರದ ತುದಿಗೆ ಒರಗಿ ತೂಕಡಿಸುತ್ತಿದ್ದ ಕಾಲ. ಆಗ ಒಂದು ರಾಜ್ಯವಿತ್ತು. ಹೆಸರು ಕೇಳಬೇಡಿ, ಕತೆ ಹೇಳಿಕೊಟ್ಟವರೂ ಹೇಳಲಿಲ್ಲ.

ಅಲ್ಲಿನ ರಾಜನಿಗೆ ಎಲ್ಲ ಇತ್ತು, ನಿದ್ದೆಯೊಂದು ಇರಲಿಲ್ಲ. ಹತ್ತಿಯ ಹಾಸಿಗೆ ಹಾಸಿದರು, ಬರಲಿಲ್ಲ. ಜೋಗುಳ ಹಾಡಿಸಿದರು, ಬರಲಿಲ್ಲ. ಆಸ್ಥಾನಕವಿಯಿಂದ ಇಡೀ ಕಾವ್ಯ ಓದಿಸಿದರು. ನಿದ್ದೆ ಬಂತು, ಕವಿಗೆ.

ಆಗ ಮಂತ್ರಿ ಕಾಳಿಂಗಯ್ಯ ಹೇಳಿದ: "ಪ್ರಭು, ಗೀಜಗನ ಮರಿಗಳು ಗಾಳಿಯಲ್ಲಿ ತೂಗುತ್ತ ಎಷ್ಟು ಸುಖವಾಗಿ ಮಲಗುತ್ತವೆ ನೋಡಿ. ಆ ಗೂಡಿನ ಹೆಣಿಗೆ ತಿಳಿದರೆ ತಮಗೂ ಅಂಥದೇ ಹಾಸಿಗೆ ಹೆಣೆಸಬಹುದು."

ಗೂಡೊಂದನ್ನು ಎಳೆ ಎಳೆಯಾಗಿ ಬಿಚ್ಚಿ ನೋಡುವ ಕೆಲಸ ಹೊನ್ನಾಂಬೆಗೆ ಬಿತ್ತು. ಪ್ರಾಣಿಪಕ್ಷಿಗಳನ್ನು ಪರೀಕ್ಷಿಸುವುದೇ ಆ ಪಂಡಿತೆಯ ಉದ್ಯೋಗ.

ಈಗ ಆ ರಾಜ್ಯದ ಪದ್ಧತಿ ಕೇಳಿ. ಯಾವ ಜೀವಿಯನ್ನು ಪರೀಕ್ಷಿಸುವ ಮೊದಲೂ ಮೂರು ಸಲ ಅದರ ಅಪ್ಪಣೆ ಕೇಳಬೇಕು. "ಒಲ್ಲೆ" ಎನ್ನದಿದ್ದರೆ ಒಪ್ಪಿದಂತೆ. ಮೊಲವನ್ನು ಕೇಳಿದರು, ಒಲ್ಲೆ ಅನ್ನಲಿಲ್ಲ. ಆಮೆಯನ್ನು ಕೇಳಿದರು, ಅನ್ನಲಿಲ್ಲ. ಕಪ್ಪೆಯೂ ಅನ್ನಲಿಲ್ಲ. ಇಷ್ಟು ಸಹಕಾರ ಕೊಡುವ ಪ್ರಾಣಿಗಳು ಬೇರೆಲ್ಲೂ ಇಲ್ಲವೆಂದು ಪಂಡಿತರಿಗೆ ಹೆಮ್ಮೆ. ಹೊನ್ನಾಂಬೆಗೂ ಇತ್ತು.

ಕಾವಲುಗಾರ ದ್ಯಾವಣ್ಣನ ಜೊತೆ ಅವಳು ಕೆರೆಯಂಚಿನ ಜಾಲಿಮರಕ್ಕೆ ಬಂದಳು. ನೀರಿನ ಮೇಲೆ ಗೂಡುಗಳು ತೂಗುತ್ತಿದ್ದವು.

"ಗೀಜಗವ್ವಾ, ಗೂಡು ಬಿಚ್ಚಲೇ?"

ಹಕ್ಕಿ ಮಾತಾಡಲಿಲ್ಲ.

ಗೂಡಿಗೆ ಅಂಗೈ ಆನಿಸಿ ಎರಡನೆಯ ಸಲ ಕೇಳಿದಳು. ಹುಲ್ಲು ಬೆಚ್ಚಗಿತ್ತು. ಒಳಗೆ ಮೊಟ್ಟೆಗಳ ಮೇಲೆ ಕೂತ ಹಕ್ಕಿಯ ಎದೆ ಅವಳ ಅಂಗೈಗೆ ಡವಡವ ಬಡಿಯಿತು. ಮರುಕ್ಷಣ ಹುಲ್ಲಿನ ಸಂದಿಯಿಂದ ಒಂದು ಕೊಕ್ಕು ಬೆರಳನ್ನು ಕುಕ್ಕಿತು.

"ಅಮ್ಮಾ, ಇದು ಒಲ್ಲೆ ಅಂದ ಲೆಕ್ಕವೋ?" ಅಂದ ದ್ಯಾವಣ್ಣ.

"ಪದ್ಧತಿಯಂತೆ ಬಾಯಲ್ಲಿ ಹೇಳಬೇಕು."

"ಕುಕ್ಕಿದ್ದು ಬಾಯಲ್ಲೇ ಅಲ್ಲವೇ?"

ಹೊನ್ನಾಂಬೆ ಸುಮ್ಮನಾದಳು. ಪದ್ಧತಿಯಂತೆ, ಒಪ್ಪಿದಳು.

"ಮೂರನೆಯದನ್ನೂ ಕೇಳಿಬಿಡಿ, ಊಟಕ್ಕೆ ಹೋಗೋಣ."

"ಕೇಳುವವರೆಗೆ ಗೂಡು ಬಿಚ್ಚುವಂತಿಲ್ಲ. ಯಾವಾಗ ಕೇಳಬೇಕೆಂದು ಯಾರೂ ಹೇಳಿಲ್ಲ," ಎಂದು ಅವಳು ಮರದಡಿ ಕೂತಳು.

ಕೂತಳು, ಕೂತೇ ಇದ್ದಳು. ಸುದ್ದಿ ಅರಮನೆಗೆ ಮುಟ್ಟಿ ರಾಜನೇ ಬಂದ, ಕಣ್ಣು ಕೆಂಡ ಮಾಡಿಕೊಂಡು.

"ಹೊನ್ನಾಂಬೆ, ಸಂಜೆಯೊಳಗೆ ಕೇಳು. ಇಲ್ಲದಿದ್ದರೆ ರಾಜ್ಯ ಬಿಟ್ಟು ನಡೆ."

"ನಡೆಯುತ್ತೇನೆ ಪ್ರಭು. ಗೂಡು ಬಿಚ್ಚಿದರೆ ಮೊಟ್ಟೆ ನೀರುಪಾಲು."

"ಹಕ್ಕಿ ಒಲ್ಲೆ ಅಂದಿತೇ?"

"ನಾನು ಒಲ್ಲೆ ಅನ್ನುತ್ತಿದ್ದೇನೆ."

ರಾಜನಿಗೆ ಈ ಮಾತು ಹೊಸದು. ಮುಂದೇನು ಮಾಡಬೇಕೆಂದು ತೋಚದೆ, ಸಂಜೆಯಾಗಲಿ ಎಂದು ಅಲ್ಲೇ ಕೂತ. ಮೇಲೆ ಗೂಡು ತೂಗಿತು. ಕೆಳಗೆ ಅದರ ನೆರಳು ತೂಗಿತು. ನೀರಿನಲ್ಲಿ ಮೋಡ ತೂಗಿತು. ರಾಜನ ತಲೆಯೂ ತೂಗಿತು. ಸಂಜೆ ಬಂತು, ಹೋಯಿತು. ಎಬ್ಬಿಸುವ ಧೈರ್ಯ ಯಾರಿಗಿತ್ತು ಹೇಳಿ?

ಕಣ್ಣು ಬಿಟ್ಟಾಗ ಬಿಸಿಲು ಮೂಗಿನ ಮೇಲಿತ್ತು.

"ಸಂಜೆಯಾಯಿತೇ?"

"ಆಗಿಹೋಗಿ ಬೆಳಗೂ ಆಯಿತು, ಪ್ರಭು."

"ಮೂರನೆಯ ಸಲ ಕೇಳಿದೆಯಾ?"

"ಇಲ್ಲ. ಹೊರಡಲೇ?"

ರಾಜ ಕಿರೀಟ ತೆಗೆದು ಪಕ್ಕಕ್ಕಿಟ್ಟ. "ಕೂತಿರು. ಇನ್ನೊಂದು ಸಂಜೆ ನೋಡೋಣ," ಎಂದು ಮಗ್ಗುಲು ಬದಲಿಸಿದ.

ಗೂಡು ಹಕ್ಕಿಗೆ, ಕತೆ ನಿಮಗೆ. ಏಳುವವರು ಮೆಲ್ಲಗೆ ಏಳಿ. ಮಲಗಿದವರು ಮಲಗಿರಲಿ.