ಶನಿವಾರಕ್ಕೆ ಬೇಕಾದ ಪ್ರಶ್ನೆ

ಬೆಳಗ್ಗೆ ಬಟ್ಟೆ ಹಿಂಡುತ್ತಿದ್ದವಳ ಕಣ್ಣಿಗೆ ಮಗ ಮರೆತುಹೋದ ಊಟದ ಡಬ್ಬಿ ಬಿತ್ತು. ಅರ್ಧ ಹಿಂಡಿದ್ದನ್ನು ಬಕೆಟ್ಟಿಗೇ ಹಾಕಿ ಶಾಲೆಗೆ ಓಡಿದಳು. ಡಬ್ಬಿ ಒಯ್ಯಲು ಆಯಾ ಬರುವ ತನಕ ಕಾಯಬೇಕೆಂದು ಆಫೀಸಿನವರು ಹೇಳಿದರು. ಅವಳು ಬೆಂಚಿನ ಮೇಲೆ ಕುಳಿತಳು. ಎದುರಿನ ಗೋಡೆಗೆ ಸ್ಪ್ಯಾನಿಷ್ ಟೀಚರ್ ಕಾಗದದ ಹಣ್ಣುಗಳನ್ನು ಅಂಟಿಸುತ್ತಿದ್ದರು. ಎರಡನೇ ತರಗತಿಯ ಹುಡುಗಿಯೊಬ್ಬಳು ಅವರ ಪಕ್ಕ ಬಂದು ನಿಂತಳು.

"ಮಿಸ್, ಪ್ರಶ್ನೆ ಕೇಳೋದು ಯಾವಾಗ ಹೇಳ್ಕೊಡ್ತೀರಾ?"

"ಮುಂದಿನ ಟರ್ಮಿಗೆ, ಪುಟ್ಟಿ. ಈಗಿನ್ನೂ ಹಣ್ಣು ನಡೀತಿದೆ."

"ಅವರು ಶನಿವಾರಾನೇ ಬರ್ತಾರೆ."

"ಯಾರಮ್ಮ?"

"ಅಪ್ಪನ್ನ ಮದ್ವೆ ಆಗೋರು. ಅವರಿಗೆ ಸ್ಪ್ಯಾನಿಷ್ ಬಿಟ್ರೆ ಬೇರೆ ಮಾತು ಬರಲ್ಲ."

ಟೀಚರ ಕೈಯಲ್ಲಿ ಬಾಳೆಹಣ್ಣು ಹಾಗೇ ಉಳಿಯಿತು.

"ನಿಂಗೆ ಈಗ ಏನೇನು ಬರುತ್ತೆ?"

"ಹತ್ತರ ತನಕ ಎಣಿಸೋದು, ಬಣ್ಣ, ಹಣ್ಣು."

"ಮೊದಲನೇ ದಿನಕ್ಕೆ ಅಷ್ಟೇ ಧಾರಾಳ ಆಯ್ತು."

"ನಂಗೆ ಹಣ್ಣು ಕೇಳಬೇಕಾಗಿಲ್ಲ, ಮಿಸ್."

"ಅಪ್ಪನ ಕೈಲೇ ಕೇಳಿಸು. ಅವರಿಗೆ ಬರುತ್ತಲ್ಲ?"

"ಬರುತ್ತೆ. ಆದ್ರೆ ಫೋನಲ್ಲಿ ನಾನು ಇಷ್ಟುದ್ದ ಹೇಳಿದ್ರೆ ಅಪ್ಪ ಅವರಿಗೆ ಒಂದೇ ಮಾತು ಹೇಳಿ ನಕ್ಕುಬಿಡ್ತಾರೆ."

ಟೀಚರ್ ಅಂಟಿನ ಡಬ್ಬಿಯ ಮುಚ್ಚಳ ಹಾಕಿದರು.

"ನಡಿ, ಬೋರ್ಡಲ್ಲಿ ಬರೆದು ಕಲಿಯೋಣ. ಹಣ್ಣು ಎಲ್ಲಿಗೂ ಓಡಿಹೋಗಲ್ಲ. ಏನು ಕೇಳಬೇಕು, ಹೇಳು."

ಹುಡುಗಿ ಬೆಂಚಿನ ಕಡೆ ನೋಡಿದಳು. ಬೆಂಚಿನವಳು ಊಟದ ಡಬ್ಬಿಯ ಮುಚ್ಚಳ ಸರಿಮಾಡುವವಳಂತೆ ತಲೆ ತಗ್ಗಿಸಿದಳು. ಕಿವಿ ಮಾತ್ರ ಅಲ್ಲೇ ಇತ್ತು. ಟೀಚರೂ ಹುಡುಗಿಯೂ ಕೈಹಿಡಿದು ತರಗತಿಯ ಕಡೆ ನಡೆದರು.

"ಮೊದಲು ನಮ್ಮ ಮಾತಲ್ಲೇ ಹೇಳು, ಕಂದ."

ಬಾಗಿಲ ಹತ್ತಿರ ಹೋದಮೇಲೆ ಹುಡುಗಿ ಗಟ್ಟಿಯಾಗಿಯೇ ಕೇಳಿದಳು:

"ನಾನು ನಿಮ್ಮನ್ನ ಅಮ್ಮ ಅನ್ನದೇ ಇದ್ರೂ ನಮ್ಮನೇಲಿ ಇರ್ತೀರಾ?"