ಪಂಪ್ ಬಿಚ್ಚಿದ ಕಾರು

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ಚಿಕ್ಕಪ್ಪನ ಮಗ ಗುಂಡನಿಗೇ ಆದದ್ದು.

ಸರಿರಾತ್ರಿ. ಗುಂಡ ಹಾಳುಬಾವಿ ಪಕ್ಕದ ದಾರೀಲಿ ಮನೆ ಕಡೆ ಓಡ್ತಾ ಇದ್ದ. ಉಸಿರು ಸಿಕ್ಕದೆ ನಡೀತಿದ್ದ, ಮತ್ತೆ ಓಡ್ತಿದ್ದ. ಕೈಯಲ್ಲಿ ಪೆಟ್ರೋಲ್ ಪಂಪ್. ಬಂಕ್ ಅಲ್ಲ ಮಾರಾಯ್ರೆ, ಕಾರಿನ ಟ್ಯಾಂಕ್ ಒಳಗೆ ಕೂತು ಎಂಜಿನ್ನಿಗೆ ಪೆಟ್ರೋಲ್ ಕಳಿಸುತ್ತಲ್ಲ, ಆ ಗೇಣುದ್ದದ ಪಂಪು. ತೊಟ್… ತೊಟ್… ಅಂತ ಪ್ಯಾಂಟಿನ ಮೇಲೆ ಪೆಟ್ರೋಲು ಬೀಳ್ತಿತ್ತು.

ಮನೇಲಿ ತುಂಬುಬಸುರಿ ಹೆಂಡತಿ. ಸಂಜೆಯಿಂದ ನೋವು, ಈಗ ರಕ್ತ. ಆಂಬುಲೆನ್ಸ್‌ನೋರು ಗಂಟೆ ಮೇಲಾಗುತ್ತೆ ಅಂದಿದ್ರು. ಬಾಡಿಗೆ ಕಾರಿನೋರು ಫೋನೇ ಎತ್ತಲಿಲ್ಲ. ಇವನ ಕೆಂಪು ಕಾರು ಕೀ ತಿರುಗಿಸಿದ್ರೆ ಕಿರ್ ಕಿರ್ ಅನ್ನುತ್ತೆ, ಹೊತ್ತಿಕೊಳ್ಳಲ್ಲ. ಪಂಪು ಸತ್ತಿತ್ತು.

ಆ ಕಾರಿನ ವಿಷಯ ಹೇಳ್ಲೇಬೇಕು. ಗುಂಡ ಕನ್ನಡಕದ ಅಂಗಡೀಲಿ ಗಾಜು ಉಜ್ಜೋನು. ಜೀವ ಮಾತ್ರ ಆ ಹಳೇ ಹಾಟ್ ಹ್ಯಾಚ್ ಕಾರಿನ ಮೇಲೆ. ನೋಡೋಕೆ ಬೆಂಕಿಪೊಟ್ಟಣ, ಬಾನೆಟ್ ಕೆಳಗೆ ರಾಕ್ಷಸ. ಕಂಪನಿ ಅದನ್ನ ಮಾಡೋದು ಬಿಟ್ಟು ಯಾವ ಕಾಲವಾಯ್ತೋ, ಒಂದು ರಬ್ಬರ್ ಬುಶ್ ಬೇಕಂದ್ರೂ ಗುಜರಿ ಗುಜರಿ ಅಲೀಬೇಕು. ಅವನ ಹೆಂಡತಿ, ನಮ್ಮ ಅತ್ತಿಗೆ, ಅದನ್ನ "ನನ್ನ ಸವತಿ" ಅಂತಲೇ ಕರೀತಿದ್ಲು.

ಊರಲ್ಲಿ ಅಂಥದ್ದೇ ಕಾರು ಇನ್ನೊಬ್ಬನ ಹತ್ರ ಇತ್ತು. ಇವನ ಗೆಳೆಯ ಲಂಬೂ ಹತ್ರ. ಅದು ಬೆಳ್ಳಿ ಬಣ್ಣ, ನಾಲ್ಕು ವರ್ಷ ಆಮೇಲಿನದು. ಇಬ್ಬರೂ ಸೇರಿದ್ರೆ ಅದೇ ಜಗಳ. "ನಿನ್ನದು ಬರೀ ಕಿರುಚುತ್ತೆ ಕಣೋ. ತಿರುವಲ್ಲಿ ನನ್ನದು ನೋಡು, ನೆಲಕ್ಕೆ ಅಂಟ್ಕೊಂಡು ಹೋಗುತ್ತೆ" ಅಂತ ಅವನು. "ಎಮ್ಮೆನೂ ಹಾಗೇ ಹೋಗೋದು ಬಿಡೋ" ಅಂತ ಇವನು.

ಹೋದ ವರ್ಷ ಲಂಬೂ ತೀರಿಕೊಂಡ. ಆಸ್ಪತ್ರೆ ಮಂಚದ ಮೇಲೆ ಗುಂಡನ ಕೈ ಹಿಡಿದು ಒಂದೇ ಮಾತು ಕೇಳಿದ್ದು. "ನನ್ನ ಕಾರಿನ ಒಂದು ಬೋಲ್ಟೂ ಬಿಚ್ಚಬೇಡ. ನಿನ್ನ ಬುದ್ಧಿ ನಂಗೊತ್ತು." ಹಳೇ ಕಾರಿನೋರ ಕತೆಯೇ ಅಷ್ಟು. ಒಬ್ಬ ಸತ್ತರೆ ಇನ್ನೊಬ್ಬನ ಕೈ ಸ್ಪ್ಯಾನರ್ ಹುಡುಕುತ್ತೆ. ಗುಂಡ ಅಳ್ತಾ ಮಾತು ಕೊಟ್ಟಿದ್ದ.

ಆ ಮಾತನ್ನೇ ಅವತ್ತು ಮುರಿದಿದ್ದು. ಲಂಬೂ ಹೆಂಡತಿ ಕಿಟಕೀಲಿ ನಿಂತು ಪಿಸುಗುಟ್ಟಿದ್ರು.

"ಬಿಚ್ಚಬಾರದು ಅಂದಿದ್ರಲ್ಲಪ್ಪ ಅವರು…"

"ರಕ್ತ ನಿಲ್ತಿಲ್ಲ ಅಕ್ಕಾ…"

ಶೆಡ್ಡಿನ ಕೀ ಹೊರಗೆ ಬಿತ್ತು. ಬೆಳ್ಳಿ ಕಾರನ್ನೇ ಓಡಿಸೋಣ ಅಂದ್ರೆ ಅದರ ಬ್ಯಾಟರಿ ಬಿಚ್ಚಿ ವರ್ಷ ಆಗಿತ್ತು. ಗುಂಡ ಹಿಂದಿನ ಸೀಟು ಕಿತ್ತು ಗೋಡೆಗೆ ಒರಗಿಸಿದ, ಕೆಳಗಿದ್ದ ದುಂಡು ಮುಚ್ಚಳ ಬಿಚ್ಚಿ ಪಂಪು ಎಳೆದ. "ಕ್ಷಮಿಸೋ ಲಂಬೂ" ಅಂತ ಅಂದನಂತೆ. ಉತ್ತರಕ್ಕೆ ಕಾಯೋ ಧೈರ್ಯ ಇರಲಿಲ್ಲ.

ಈಗ ಬಾವಿ ಪಕ್ಕ… ಹಿಂದಿನಿಂದ ಸದ್ದು.

ಡುಗು ಡುಗು ಡುಗು… ಫಟ್. ಡುಗು ಡುಗು… ಫಟ್.

ಸೈಲೆನ್ಸರ್‌ನಲ್ಲಿ ತೂತಿರೋ ಎಂಜಿನ್. ಆ ಸದ್ದು ಊರಲ್ಲಿ ಒಂದೇ ಕಾರಿಂದು, ಲಂಬೂ ಕಾರಿಂದು. ಗುಂಡ ಕಣ್ಣು ಮುಚ್ಚಿಬಿಟ್ಟ. ಪಕ್ಕದಲ್ಲೇ ಗಾಳಿ ಬಡೀತು, ಜಲ್ಲಿಕಲ್ಲು ಚಟ್ ಅಂತ ಕಾಲಿಗೆ ತಾಗಿತು. ಕಣ್ಣು ಬಿಟ್ರೆ ಮುಂದೆ ಬರೀ ಕತ್ತಲೆ. ದೀಪ ಇಲ್ಲ. ಸದ್ದು ಮಾತ್ರ ದೂರ ಹೋಗ್ತಾ ಇತ್ತು… ಇವನ ಮನೆ ಕಡೆಗೆ.

"ಅಯ್ಯೋ ಅವಳನ್ನ ಬಿಡೋ! ತಪ್ಪು ನಂದು ಕಣೋ! ನನ್ನ ಕರ್ಕೊಂಡು ಹೋಗೋ!" ಅಂತ ಕೂಗಿದ. ಎದ್ದೆನೋ ಬಿದ್ದೆನೋ ಅಂತ ಓಡಿದ.

ಮನೆ ಬಾಗಿಲು ಹಾರುಹೊಡೆದಿತ್ತು. ಹಾಸಿಗೆ ಖಾಲಿ. ನೆಲದ ಮೇಲೆ ರಕ್ತದ ಹನಿ ಬೀದಿವರೆಗೂ ಇತ್ತು. ಅವಳ ಜೊತೆಗೆ ಕೂರಿಸಿದ್ದ ಪಕ್ಕದ ಮನೆ ಅಜ್ಜಿ ಗೇಟಲ್ಲಿ ನಿಂತಿದ್ಲು.

"ಎಲ್ಲಿ ಅವಳು?"

"ಈಗಷ್ಟೇ ಕರ್ಕೊಂಡು ಹೋದೆಯಲ್ಲೋ. ನಾನೇ ಹತ್ತಿಸಿದೆ. ಒಂದು ಮಾತಾದ್ರೂ ಆಡಬಾರದೇನೋ?"

"ಅಜ್ಜೀ… ನನ್ನ ಕಾರು ಇಲ್ಲೇ ಇದೆಯಲ್ಲ."

ಅಜ್ಜಿ ಕೆಂಪು ಕಾರು ನೋಡಿದ್ಲು. ಗುಂಡನ್ನ ನೋಡಿದ್ಲು. ಅಷ್ಟೊತ್ತಿಗೆ ಅಜ್ಜಿ ಮಗ ಕೆಲಸ ಮುಗಿಸಿ ಸ್ಕೂಟರಲ್ಲಿ ಬಂದ. ಗುಂಡ ಹಿಂದೆ ಹತ್ತಿದ. ಎಲ್ಲಿಗೆ ಅಂತ ಅವನು ಕೇಳಿದ್ರೆ ಕಾರು ಹೋದ ದಿಕ್ಕಿಗೆ ಅಜ್ಜಿ ಕೈ ತೋರಿಸಿದ್ಲು. ಗುಂಡ ದಾರಿಯುದ್ದಕ್ಕೂ ಚರಂಡಿ, ಹಳ್ಳ ನೋಡ್ತಾ ಬಂದನಂತೆ, ಅವಳ ಮೈ ಎಲ್ಲಾದ್ರೂ ಬಿದ್ದಿದೆಯೇನೋ ಅಂತ. ಕೊನೆಗೆ ಆಸ್ಪತ್ರೆ.

ಅವಳು ಅಲ್ಲಿದ್ಲು! ಆಪರೇಷನ್ ನಡೀತಿತ್ತು. ಇನ್ನು ಸ್ವಲ್ಪ ತಡವಾಗಿದ್ರೆ ಎರಡು ಜೀವವೂ ಉಳೀತಿರಲಿಲ್ಲ ಅಂದ್ರು ಮುಗಿಸಿ ಹೊರಗೆ ಬಂದ ಡಾಕ್ಟ್ರು. ಗುಂಡ ಅಲ್ಲೇ ಕುಸಿದು ಕೂತು ಮಗು ಥರ ಅತ್ತ. ಪಂಪು ಇನ್ನೂ ಕೈಯಲ್ಲೇ ಇತ್ತು. ವಾಸನೆ ತಡೀಲಾರದೆ ನರ್ಸಮ್ಮ ಬೈದ್ರು.

ಬೆಳಗ್ಗೆ ಮಗು ಪಕ್ಕದಲ್ಲಿ ನಿದ್ದೆ ಮಾಡ್ತಿತ್ತು. ಅತ್ತಿಗೆ ಕಣ್ಣು ಬಿಟ್ಟು ಮೊದಲು ಹೇಳಿದ್ದಿದು.

"ಅಷ್ಟು ಜೋರಾಗಿ ಬಂದ್ರೂ ತಿರುವಲ್ಲಿ ಒಂಚೂರೂ ಕುಲುಕಲಿಲ್ಲ ರೀ. ಆದ್ರೆ ಹಿಂದಿನ ಸೀಟು ಯಾಕೆ ಕಿತ್ತಿದ್ರಿ? ತಗಡು ಒತ್ತಿ ಬೆನ್ನು ಹೋಯ್ತು ನಂದು."

ಆಗಲೇ ವಾಚ್‌ಮನ್ ಬಂದು ಗೊಣಗಿದ: "ಯಾರ್ರೀ ಅದು, ಬೆಳ್ಳಿ ಕಾರು ಬಾಗಿಲಿಗೇ ಅಡ್ಡ ನಿಲ್ಲಿಸಿರೋರು? ತೆಗೀರಿ ಮೊದಲು."

ತೆಗೆಯೋದು ಹೇಗೆ? ನಾಲ್ಕು ಜನ ಶೆಡ್ಡಿನವರೆಗೂ ತಳ್ಳಿದ್ವಿ. ನಾನೂ ಇದ್ದೆ ಆ ನಾಲ್ವರಲ್ಲಿ, ಅಂಗೈ ಸುಲಿದಿತ್ತು. ಲಂಬೂ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನೋಡ್ತಾ ನಿಂತಿದ್ರು. ಬಾನೆಟ್ ಎತ್ತಿದ್ದು ನಾನೇ, ಬೇರೆ ಯಾರೋ ಅಲ್ಲ. ಬ್ಯಾಟರಿ ಜಾಗ ಖಾಲಿ. ಅಲ್ಲಿ ಜೇಡ ಬಲೆ ಕಟ್ಟಿತ್ತು. ಒಂದೆಳೆಯೂ ಹರಿದಿರಲಿಲ್ಲ.